ಕೆನಡಾದ ವಜ್ರದ ಸ್ಯಾಂಪಲ್ ರಿಸಲ್ಟ್ ಓದುವುದು ಹೇಗೆ? ಭೂವಿಜ್ಞಾನಿಗೆ ಕೇಳಿ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಭಾವ ಟೊರಾಂಟೊದಲ್ಲಿದ್ದಾರೆ. ಅಲ್ಲಿನ ಒಂದು ಸಣ್ಣ ಕಂಪನಿ ಕೆನಡಾದ ಉತ್ತರದಲ್ಲಿ ವಜ್ರ ಹುಡುಕುತ್ತಿದೆಯಂತೆ. ಇನ್ನೂರು ಕಿಲೋ ಕಲ್ಲಿನಲ್ಲಿ ನೂರಕ್ಕೂ ಜಾಸ್ತಿ ವಜ್ರ ಸಿಕ್ಕಿದೆ ಎಂದು ಪ್ರಕಟಣೆ ಕೊಟ್ಟಿದ್ದಾರೆ. ಭಾವ ಷೇರು ತಗೊಂಡಾಯಿತು, ನೀನೂ ತಗೋ ಎನ್ನುತ್ತಿದ್ದಾರೆ. ಅಂದರೆ ಟನ್ನಿಗೆ ಐನೂರು ವಜ್ರ, ಅಲ್ವಾ? ನೀವು ಆ ಕಡೆ ಕೆಲಸ ಮಾಡಿದ್ದೀರಿ ಎಂದು ಇದೇ ಗ್ರೂಪಿನಲ್ಲಿ ಓದಿದ್ದೆ.

ಉತ್ತರ: ಷೇರು ನನ್ನ ವಿಷಯವಲ್ಲ, ಕಲ್ಲಿನ ಬಗ್ಗೆ ಹೇಳುತ್ತೇನೆ. ಆ ಪ್ರಕಟಣೆಯ ಕೆಳಗೆ ಒಂದು ಪಟ್ಟಿ ಇರುತ್ತದೆ, ಮೊದಲು ಅದನ್ನು ನೋಡಿ. 0.106, 0.150, 0.212 ಮಿ.ಮೀ. ಹೀಗೆ ಜರಡಿಯ ಅಳತೆ, ಎದುರಿಗೆ ಎಷ್ಟು ವಜ್ರ ಎಂಬ ಲೆಕ್ಕ. ಸಾಮಾನ್ಯವಾಗಿ ಮುಕ್ಕಾಲು ಪಾಲು ಈ ಸಣ್ಣ ಜರಡಿಗಳಲ್ಲೇ ಇರುತ್ತದೆ. 0.106 ಎಂದರೆ ಚಿರೋಟಿ ರವೆಯ ಕಾಳಿಗಿಂತ ಸಣ್ಣದು. ಉಂಗುರದ ಮಾತು ಬಿಡಿ, ಗಣಿಯ ಯಂತ್ರ ಕೂಡ ಅದನ್ನು ಹಿಡಿಯುವುದಿಲ್ಲ.

ಇದನ್ನು ತೆಗೆಯುವ ವಿಧಾನ ಹೀಗಿದೆ. ವಜ್ರ ಹೊತ್ತು ತರುವ ಕಲ್ಲಿಗೆ ಕಿಂಬರ್ಲೈಟ್ ಎನ್ನುತ್ತಾರೆ. ಅದನ್ನು ಕಾಸ್ಟಿಕ್ ಸೋಡದ ಜೊತೆ ಕುಲುಮೆಯಲ್ಲಿ ಸುಮಾರು 550 ಡಿಗ್ರಿಗೆ ಕಾಯಿಸುತ್ತಾರೆ. ಕಲ್ಲು ಕರಗುತ್ತದೆ, ವಜ್ರ ಕರಗುವುದಿಲ್ಲ. ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಆಯುತ್ತಾರೆ. ಕಣ್ಣು ಹೋಗುವ ಕೆಲಸ.

ಹಾಗಾದರೆ ಸುಮ್ನೆ ಯಾಕೆ ಎಣಿಸುತ್ತಾರೆ? ಜರಡಿ ದೊಡ್ಡದಾದ ಹಾಗೆ ಸಂಖ್ಯೆ ಹೇಗೆ ಇಳಿಯುತ್ತದೆ ಎಂದು ನೋಡಲು. ನಿಧಾನಕ್ಕೆ ಇಳಿದು 0.850ರ ಮೇಲೂ ಒಂದೆರಡು ಉಳಿದಿದ್ದರೆ ದೊಡ್ಡ ಹರಳು ಇರುವ ಸಾಧ್ಯತೆ ಇದೆ. 0.300ಕ್ಕೇ ನಿಂತುಹೋದರೆ ಹೆಚ್ಚಿನವರು ಗಂಟುಮೂಟೆ ಕಟ್ಟುತ್ತಾರೆ. 1991ರಲ್ಲಿ ಕೆನಡಾದ ಉತ್ತರದ ಲ್ಯಾಕ್ ಡಿ ಗ್ರಾ ಸರೋವರದ ಕಡೆಯಿಂದ ಬಂದ ಮೊದಲ ಸುದ್ದಿಯೂ ಇಂಥದ್ದೇ. 59 ಕಿಲೋ ಕಲ್ಲು, 81 ವಜ್ರ, ಎಲ್ಲವೂ 2 ಮಿ.ಮೀ.ಗಿಂತ ಸಣ್ಣವು. ಆ ಪ್ರದೇಶದಲ್ಲೇ ಕೆನಡಾದ ಮೊದಲ ವಜ್ರದ ಗಣಿ ಎಕಾಟಿ ಶುರುವಾಯಿತು. ಆದರೆ 1998ರಲ್ಲಿ! ನಡುವಿನ ಏಳು ವರ್ಷ ಸ್ಯಾಂಪಲ್ ಮೇಲೆ ಸ್ಯಾಂಪಲ್.

ಪ್ರಶ್ನೆ (ಇನ್ನೊಬ್ಬರು): ಒಂದು ಸ್ಯಾಂಪಲ್ ಚೆನ್ನಾಗಿ ಬಂದ ಮೇಲೆ ಮತ್ತೆ ಮತ್ತೆ ಯಾಕೆ ಮೇಡಂ?

ಉತ್ತರ: ಅನ್ನ ಬೆಂದಿದೆಯಾ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು. ವಜ್ರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇದು ಬಿಸಿಬೇಳೆಬಾತಿನಲ್ಲಿ ಗೋಡಂಬಿ ಹುಡುಕಿದ ಹಾಗೆ. ಒಂದು ಸೌಟಿಗೆ ನಾಲ್ಕು ಬರುತ್ತದೆ, ಮುಂದಿನ ಸೌಟಿಗೆ ಒಂದೂ ಇಲ್ಲ.

ಟ್ಲಿ ಕ್ವಿ ಚೋ ಎಂಬ ಕಿಂಬರ್ಲೈಟಿನ ಕಥೆ ಕೇಳಿ. ಅದೂ ಲ್ಯಾಕ್ ಡಿ ಗ್ರಾ ಕಡೆಯದೇ. ಮೊದಲ ಫಲಿತಾಂಶಗಳು ಆಸೆ ಹುಟ್ಟಿಸಿದ್ದವು. ನೆಲದೊಳಗೆ ಸುರಂಗ ಕೊರೆದು ಸಾವಿರಾರು ಟನ್ ಕಲ್ಲು ತೆಗೆದರು. 1994ರಲ್ಲಿ ರಿಸಲ್ಟ್ ಬಂತು, ಕಳಪೆ. ಅದರಲ್ಲಿ ಪಾಲಿದ್ದ ಸಣ್ಣ ಕಂಪನಿಗಳ ಷೇರು ಮಕಾಡೆ ಮಲಗಿದವು. ವರ್ಷಗಳ ನಂತರ ಬೇರೆಯವರು ಅದೇ ಕಿಂಬರ್ಲೈಟಿಗೆ ಮತ್ತೆ ಡ್ರಿಲ್ ಹಾಕಿದರು. ಟನ್ನಿಗೆ ಸಿಕ್ಕ ವಜ್ರ ಮೊದಲಿಗಿಂತ ಬಹಳ ಜಾಸ್ತಿ! ಒಂದೇ ಕಿಂಬರ್ಲೈಟಿನಲ್ಲಿ ಬೇರೆ ಬೇರೆ ಕಾಲಕ್ಕೆ ಉಕ್ಕಿದ ಬೇರೆ ಬೇರೆ ಕಲ್ಲಿರುತ್ತದೆ. ಹಳೆಯ ಸುರಂಗ ಬಡ ಕಲ್ಲನ್ನೂ ಸೇರಿಸಿಕೊಂಡು ಹೋಗಿತ್ತು. ಇಷ್ಟಾದರೂ ಅಲ್ಲಿ ಇನ್ನೂ ಗಣಿ ಆಗಿಲ್ಲ.

ಪ್ರಶ್ನೆ: ಅಷ್ಟು ದೊಡ್ಡ ಹಿಮದ ಬಯಲಿನಲ್ಲಿ ಎಲ್ಲಿ ಅಗೆಯಬೇಕು ಎಂದು ಹೇಗೆ ಗೊತ್ತಾಗುತ್ತದೆ?

ಉತ್ತರ: ಇದು ನನ್ನ ಇಷ್ಟದ ಭಾಗ. ವಜ್ರ ಹುಡುಕುವವರು ಮೊದಲು ವಜ್ರವನ್ನೇ ಹುಡುಕುವುದಿಲ್ಲ. ಅದರ ನೆಂಟರನ್ನು ಹುಡುಕುತ್ತಾರೆ. ನೇರಳೆ ಬಣ್ಣದ ಒಂದು ಬಗೆಯ ಗಾರ್ನೆಟ್, ಹಸಿರು ಕ್ರೋಮ್ ಡಯಾಪ್ಸೈಡ್, ಕಪ್ಪು ಇಲ್ಮನೈಟ್. ವಜ್ರಕ್ಕಿಂತ ಇವು ಎಷ್ಟೋ ಪಾಲು ಜಾಸ್ತಿ ಇರುತ್ತವೆ. ಗಾರ್ನೆಟ್‌ನಲ್ಲಿ ಕ್ರೋಮಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ ಇದ್ದರೆ ಅದು ವಜ್ರ ಹುಟ್ಟುವ ಆಳದಿಂದ ಬಂದದ್ದು ಎಂದು ಅರ್ಥ.

ಹಿಮಯುಗದಲ್ಲಿ ದೊಡ್ಡ ಹಿಮನದಿಗಳು ಕಿಂಬರ್ಲೈಟಿನ ತಲೆ ಸವರಿ ಈ ಕಾಳುಗಳನ್ನು ಪಶ್ಚಿಮಕ್ಕೆ ನೂರಾರು ಕಿಲೋಮೀಟರ್ ಚೆಲ್ಲಿಕೊಂಡು ಹೋದವು. 1991ರ ಆ ಸುದ್ದಿಯ ಹಿಂದಿದ್ದ ಭೂವಿಜ್ಞಾನಿಗಳು ಚಕ್ ಫಿಪ್ಕಿ ಮತ್ತು ಸ್ಟೂವರ್ಟ್ ಬ್ಲಸನ್ ಆ ಜಾಡನ್ನು ಉಲ್ಟಾ ಹಿಡಿದರು. ಚೀಲ ಚೀಲ ಮರಳು, ಮಣ್ಣು ತುಂಬುತ್ತಾ ಪೂರ್ವಕ್ಕೆ ಹೋದರು. ವರ್ಷಗಟ್ಟಲೆ. ಕಾಳು ಸಿಗುತ್ತಾ ಹೋಗಿ, ಒಂದು ಕಡೆ ಇದ್ದಕ್ಕಿದ್ದಂತೆ ನಿಂತರೆ ಮೂಲ ಅಲ್ಲೇ ಹತ್ತಿರದಲ್ಲಿದೆ.

ಕಿಂಬರ್ಲೈಟ್ ಮೆತ್ತಗಿನ ಕಲ್ಲು. ಹಿಮ ಅದನ್ನು ಕೆರೆದ ಗುಂಡಿಯಲ್ಲಿ ಈಗ ನೀರು ನಿಂತಿದೆ. ಅದಕ್ಕೇ ಎಷ್ಟೋ ಕಡೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಡ್ರಿಲ್ ನಿಲ್ಲಿಸುತ್ತಾರೆ. 1994ರ ವಸಂತದಲ್ಲಿ ಐರಾ ಥಾಮಸ್ ಎಂಬ ಯುವ ಭೂವಿಜ್ಞಾನಿಯ ತಂಡ ಮಂಜು ಕರಗುತ್ತಿದ್ದರೂ ಕೊರೆಯುತ್ತಲೇ ಇತ್ತು. ಬಂದ ಕೋರಿನಲ್ಲಿ, ಅಂದರೆ ಡ್ರಿಲ್ ಎತ್ತಿ ತರುವ ಉದ್ದನೆಯ ಕಲ್ಲಿನ ಕಂಬಿಯಲ್ಲಿ, ಸುಮಾರು 2 ಕ್ಯಾರೆಟ್ ವಜ್ರ ಕಣ್ಣಿಗೇ ಕಾಣುತ್ತಿತ್ತು. ಅದೇ ಮುಂದೆ ಡಯಾವಿಕ್ ಗಣಿ. ನಾನು ಮೂಟೆಗಟ್ಟಲೆ ಕೋರ್ ನೋಡಿದ್ದೇನೆ, ನನಗೆ ಅಂಥದ್ದು ಒಂದೂ ಸಿಗಲಿಲ್ಲ.

ಪ್ರಶ್ನೆ (ಬಳ್ಳಾರಿಯವರು): ನಮ್ಮ ಪಕ್ಕದ ವಜ್ರಕರೂರಿನ ಕಡೆ ಮಳೆ ಬಂದ ಮೇಲೆ ಜನ ಹೊಲದಲ್ಲಿ ವಜ್ರ ಆಯುತ್ತಾರಲ್ಲ, ಅದೂ ಇದೇ ತರಾನಾ?

ಉತ್ತರ: ಅಲ್ಲೂ ಕಿಂಬರ್ಲೈಟ್ ಇದೆ ಸರ್. ಆದರೆ ನೂರು ಕೋಟಿ ವರ್ಷಕ್ಕೂ ಹಳೆಯದು. ಲ್ಯಾಕ್ ಡಿ ಗ್ರಾದ್ದು ಹೆಚ್ಚೆಂದರೆ ಏಳೆಂಟು ಕೋಟಿ ವರ್ಷದ್ದು. ನಿಮ್ಮ ಕಡೆ ಹರಡಿದ್ದು ಮಳೆ, ಹಳ್ಳ. ಹೊಲದಲ್ಲಿ ಕಲ್ಲು ಸಿಕ್ಕರೆ ಅದು ಅವರ ಅದೃಷ್ಟ, ಸ್ಯಾಂಪಲ್ ಅಲ್ಲ.

ಮೊದಲು ಕೇಳಿದವರು: ಪಟ್ಟಿ ನೋಡಿದೆ ಮೇಡಂ. ಎಲ್ಲ 0.212ರ ಒಳಗೇ ಇವೆ. 0.850ರ ಮುಂದೆ ಸೊನ್ನೆ. ಈಗೇನು?

ಉತ್ತರ: ಆ ಇನ್ನೂರು ಕಿಲೋ ಒಂದೇ ಡ್ರಿಲ್ ರಂಧ್ರದ್ದೋ, ನಾಲ್ಕಾರು ರಂಧ್ರಗಳದ್ದೋ ನೋಡಿ. ಮುಂದೆ ಟನ್ನುಗಟ್ಟಲೆ ಸ್ಯಾಂಪಲ್ ತೆಗೆಯುವ ಯೋಜನೆ ಇದೆಯಾ ನೋಡಿ. ಅದು ಬಂದ ಮೇಲೆಯೇ ಟನ್ನಿಗೆ ಇಷ್ಟು ಕ್ಯಾರೆಟ್ ಎಂಬ ಮಾತು. ಟನ್ನಿಗೆ 3 ಕ್ಯಾರೆಟ್ ಬಂದರೆ ತುಂಬ ಒಳ್ಳೆಯ ಗಣಿ, ಮತ್ತು ಅದು ಬರೀ 0.6 ಗ್ರಾಂ. ಬೆಲೆ ಕಟ್ಟಲು ಗಣಿಯ ಯಂತ್ರ ಹಿಡಿಯುವಷ್ಟು ದೊಡ್ಡ ಹರಳು ಸಾವಿರಾರು ಕ್ಯಾರೆಟ್ ಬೇಕು. ಭಾವನವರಿಗೆ ಸ್ವಲ್ಪ ನಯವಾಗಿ ಹೇಳಿ, ದುಡ್ಡು ಹಾಕಿ ಆಗಿದೆಯಲ್ಲ.

ಮೊದಲು ಕೇಳಿದವರು: ಹೇಳಿದೆ. ಅವರು ಪಟ್ಟಿಯವರೆಗೆ ಓದೇ ಇರಲಿಲ್ಲವಂತೆ.