ನ್ಯೂ ಮೆಕ್ಸಿಕೋ: ಇತಿಹಾಸದ ಮೇಷ್ಟ್ರಿಗೆ ಮೂರು ದಿನದಲ್ಲಿ ಏನು ತೋರಿಸಲಿ?

ಬಯಲುಸೀಮೆಯವ:
ಅಪ್ಪ ಅಮ್ಮ ದಾವಣಗೆರೆಯಿಂದ ಡಲ್ಲಾಸ್‌ಗೆ ಬಂದಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವರು. ಅಮೆರಿಕಕ್ಕೆ ಇತಿಹಾಸ ಎಲ್ಲಿದೆಯೋ, ಎಲ್ಲಾ ನಿನ್ನೆ ಮೊನ್ನೆಯದು ಅಂತ ದಿನಾ ರೇಗಿಸುತ್ತಾರೆ. ಅದಕ್ಕೇ ಮೂರು ದಿನ ನ್ಯೂ ಮೆಕ್ಸಿಕೋಗೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ನನಗೆ ಗೊತ್ತಿರೋದು ಎರಡೇ, ಅಣುಬಾಂಬು ಮತ್ತು ರೋಸ್ವೆಲ್‌ನ ಹಾರುವ ತಟ್ಟೆ. ಅಮ್ಮನಿಗೆ ಮಂಡಿನೋವು, ಜಾಸ್ತಿ ಹತ್ತಿಸೋ ಹಾಗಿಲ್ಲ.

ಒಣಮೆಣಸು:
ಅಲ್ಬುಕರ್ಕಿಯಲ್ಲಿ ಎಂಟು ವರ್ಷ ಇದ್ದೆ. ರೋಸ್ವೆಲ್ ಬಿಡಿ, 1947ರಲ್ಲಿ ಬಿದ್ದದ್ದು ಸೇನೆಯ ಬಲೂನು, ಅದರ ಹೆಸರಲ್ಲಿ ಊರಿಗೆ ಊರೇ ಟೀ ಶರ್ಟ್ ಮಾರುತ್ತಿದೆ. ಸೀದಾ ಸಾಂತಾ ಫೆಗೆ ಹೋಗಿ. ಅಲ್ಲಿನ ಗವರ್ನರ್ ಅರಮನೆ ಸ್ಪೇನಿನವರು 1610ರಲ್ಲಿ ಶುರು ಮಾಡಿದ್ದು. ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದದ್ದೂ ಅದೇ ವರ್ಷ ಅಂತ ಹೇಳಿ, ಅಪ್ಪ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಅರಮನೆ ಅಂದರೆ ಅಂಬಾವಿಲಾಸ ಅಂದುಕೊಳ್ಳಬೇಡಿ. ಒಂದೇ ಅಂತಸ್ತು, ಮಣ್ಣಿನ ಗೋಡೆ, ಮರದ ತೊಲೆ, ನಮ್ಮ ಬಯಲುಸೀಮೆಯ ಮಾಳಿಗೆ ಮನೆ ಇದ್ದ ಹಾಗೇ. ಮುಂದಿನ ಜಗಲಿಯಲ್ಲಿ ಮೂಲನಿವಾಸಿಗಳು ಬಟ್ಟೆ ಹಾಸಿ ಬೆಳ್ಳಿ ಒಡವೆ ಮಾರುತ್ತಾರೆ.

ಆ ಊರಿನ ದೊಡ್ಡ ಕಥೆ 1680ರದ್ದು. ಪುಯೆಬ್ಲೊ ಅಂದರೆ ಊರು ಕಟ್ಟಿಕೊಂಡು ಬೇಸಾಯ ಮಾಡುತ್ತಿದ್ದ ಅಲ್ಲಿನ ಮೂಲನಿವಾಸಿಗಳು. ಅವರ ಮುಖಂಡ ಪೋಪೇ ಓಟಗಾರರ ಕೈಯಲ್ಲಿ ಗಂಟು ಹಾಕಿದ ಹಗ್ಗ ಕೊಟ್ಟು ಊರೂರಿಗೆ ಕಳಿಸಿದ. ದಿನಕ್ಕೊಂದು ಗಂಟು ಬಿಚ್ಚಿ, ಕೊನೆಯದು ಬಿಚ್ಚಿದ ದಿನ ಎಲ್ಲರೂ ಒಟ್ಟಿಗೆ ಸ್ಪೇನಿನವರ ವಿರುದ್ಧ ಏಳಬೇಕು. ಇಬ್ಬರು ಓಟಗಾರರು ಸಿಕ್ಕಿಬಿದ್ದರು, ಹಾಗಾಗಿ ಕಾಯದೆ ಆಗಸ್ಟ್ 10ಕ್ಕೇ ಎದ್ದುಬಿಟ್ಟರು. ಸುಮಾರು 400 ಸ್ಪೇನಿಗರು ಸತ್ತರು, ಉಳಿದವರು ಎಲ್ ಪಾಸೋ ಕಡೆ ಓಡಿದರು, ಮತ್ತೆ ಕಾಲಿಟ್ಟದ್ದು 1692ರಲ್ಲಿ.

ಅಷ್ಟು ಸಿಟ್ಟು ಯಾಕೆ ಅಂತ ಗೊತ್ತಾಗಬೇಕಾದರೆ ಅಕೋಮಾಗೆ ಹೋಗಿ. ನೂರು ಮೀಟರ್‌ಗೂ ಎತ್ತರದ ಬಂಡೆಯ ಮೇಲಿನ ಊರು. ಕೆಳಗಿನಿಂದ ಬಸ್ ಇದೆ, ಅಮ್ಮನಿಗೆ ತೊಂದರೆ ಇಲ್ಲ. 1599ರಲ್ಲಿ ಸ್ಪೇನಿನ ಗವರ್ನರ್ ಒನ್ಯಾತೆ ಈ ಊರನ್ನು ಹಾಳು ಮಾಡಿ, ಬದುಕುಳಿದವರಲ್ಲಿ 25 ದಾಟಿದ ಗಂಡಸರ ಒಂದೊಂದು ಪಾದ ಕಡಿಯಲು ಶಿಕ್ಷೆ ವಿಧಿಸಿದ. ನಾಲ್ಕು ನೂರು ವರ್ಷ ಆದ ಮೇಲೆ ಯಾರೋ ರಾತ್ರೋರಾತ್ರಿ ಅವನ ಕಂಚಿನ ಪ್ರತಿಮೆಯ ಪಾದ ಗರಗಸದಲ್ಲಿ ಕೊಯ್ದುಕೊಂಡು ಹೋದರು!

ಚಾಕೋ ಕಣಿವೆಯಲ್ಲಿರೋ ಪುಯೆಬ್ಲೊ ಪೂರ್ವಜರ ಪಾಳು ಊರು ಇನ್ನೂ ಹಳೆಯದು, ನಮ್ಮ ಚಾಲುಕ್ಯರ ಕಾಲದ್ದು. ಆದರೆ ಕೊನೆಗೆ ಕುಲುಕಾಡುವ ಮಣ್ಣು ರಸ್ತೆ, ಮಂಡಿ ನೆನೆಸಿಕೊಂಡು ಬಿಟ್ಟುಬಿಡಿ.

ಅಲೆಮಾರಿ_77:
ಎಲ್ಲಾ ಸರಿ, ಆದರೆ ಬಾಂಬಿನ ಜಾಗ ಬಿಟ್ಟುಬಿಟ್ಟಿರಲ್ಲ. ಮೊದಲ ಅಣುಬಾಂಬು ಸಿಡಿಸಿ ನೋಡಿದ ಟ್ರಿನಿಟಿಯನ್ನು ವರ್ಷದಲ್ಲಿ ಒಂದೋ ಎರಡೋ ದಿನ ಮಾತ್ರ ತೆಗೆಯುತ್ತಾರೆ, ಮೊದಲೇ ವಿಚಾರಿಸಿ. ಹೋದರೂ ಇರೋದು ಒಂದು ಕಪ್ಪು ಕಲ್ಲಿನ ಕಂಬ. ಆ ಕಾಲದ ಮನೆಗಳನ್ನು ನೋಡಬೇಕಾದರೆ ಬಾಂಬು ತಯಾರಾದ ಲಾಸ್ ಅಲಾಮೋಸ್‌ಗೇ ಹೋಗಿ, ಅಲ್ಲಿನ ಬಾತ್‌ಟಬ್ ರೋ ಬೀದಿಗೆ ಆ ಹೆಸರು ಬಂದದ್ದು ಸ್ನಾನದ ತೊಟ್ಟಿ ಆ ಮನೆಗಳಲ್ಲಿ ಮಾತ್ರ ಇದ್ದದ್ದಕ್ಕೆ. ಎಲ್ಲರೂ ಬಾಂಬಿನ ವಿಜ್ಞಾನಿ ಓಪನ್‌ಹೈಮರ್, ಅವರು ನೆನೆದ ಭಗವದ್ಗೀತೆ ಅಂತ ನಿಂತುಬಿಡುತ್ತಾರೆ. 1945 ಜುಲೈ 16ರ ಬೆಳಗಿನ ಜಾವ ಬೂದಿ ಬಿದ್ದದ್ದು ಮಾಳಿಗೆ ನೀರು ತೊಟ್ಟಿಗೆ ಹಿಡಿದು ಕುಡಿಯುತ್ತಿದ್ದ ರೈತರ ಮೇಲೆ. ಅವರಿಗೆ ಹೇಳಿದ್ದು ಮದ್ದಿನ ಗೋದಾಮು ಸಿಡಿದಿದೆ ಅಂತ. ವಿಕಿರಣದಿಂದ ನೊಂದವರ ಪರಿಹಾರದ ಕಾನೂನಿಗೆ ಅವರು ಸೇರಿದ್ದು 2025ರಲ್ಲಿ.

ಕಾವೇರಿತೀರ:
ಮೇಷ್ಟ್ರಿಗೆ ಇನ್ನೊಂದು. ಅಮೆರಿಕ ಈ ನೆಲ ತೆಗೆದುಕೊಂಡದ್ದು 1848ರಲ್ಲಿ, ರಾಜ್ಯ ಮಾಡಿದ್ದು 1912ರಲ್ಲಿ. ಸ್ಪ್ಯಾನಿಷ್ ಮಾತಾಡುವ ಕ್ಯಾಥೊಲಿಕರನ್ನು ನಂಬೋದು ಹೇಗೆ ಅಂತ ವಾಷಿಂಗ್ಟನ್‌ನಲ್ಲಿ ಅನುಮಾನ. ಮೂಲನಿವಾಸಿಗಳಿಗಂತೂ ಓಟು ಸಿಕ್ಕಿದ್ದು 1948ರಲ್ಲಿ, ಮಿಗೆಲ್ ಟ್ರುಹಿಯೋ ಕೋರ್ಟಿಗೆ ಹೋಗಿ ಗೆದ್ದ ಮೇಲೆ. ಅವರೂ ಮೇಷ್ಟ್ರೇ, ಮಹಾಯುದ್ಧದಲ್ಲಿ ಸೇನೆಯಲ್ಲಿದ್ದವರು.

ಬಯಲುಸೀಮೆಯವ:
ಗಂಟಿನ ಹಗ್ಗದ ಕಥೆ ಅಪ್ಪನಿಗೆ ಓದಿ ಹೇಳಿದೆ. ಆ ಹನ್ನೆರಡು ವರ್ಷ ಅರಮನೆಯಲ್ಲಿ ಯಾರಿದ್ದರು ಕೇಳು ಅಂದರು.

ಒಣಮೆಣಸು:
ಪುಯೆಬ್ಲೊ ಜನರೇ! ಒಳಗೆ ಗೋಡೆ ಎಬ್ಬಿಸಿ ಸಂಸಾರ ಹೂಡಿದ್ದರು. ಎಪ್ಪತ್ತರ ದಶಕದಲ್ಲಿ ನೆಲ ಅಗೆದಾಗ ಅವರು ದವಸ ಇಡುತ್ತಿದ್ದ ಗುಂಡಿಗಳು ಸಿಕ್ಕವು. ಹಗೇವು ಅಂದರೆ ಅಪ್ಪನಿಗೆ ತಕ್ಷಣ ಗೊತ್ತಾಗುತ್ತೆ.