ಮೇಪಲ್ ಎಲೆ ಅಂಚು ಒಣಗ್ತಿದೆ ಅಂದ್ರಲ್ಲ ಅತ್ತಿಗೆ, ಈಗ್ಲೇ ನೆಲಕ್ಕೆ ಇಳಿಸ್ಬೇಡಿ

ಅತ್ತಿಗೆ, ನೀವು ಹಾಕಿದ ಫೋಟೋ ಎಲ್ಲಾ ದೊಡ್ಡದು ಮಾಡಿ ನೋಡ್ದೆ. ಕೆಂಪೆಲೆ ಜಪಾನೀಸ್ ಮೇಪಲ್, ಕಸಿ ಗಿಡ. ಎಲೆಯ ಬೆರಳು ತುದಿಗಳು ಕಂದಾಗಿ ಗರಿಗರಿ ಒಣಗಿವೆ, ನಡುಭಾಗ ಚೆನ್ನಾಗಿದೆ. ನೀವು ಕೇಳಿದ್ದು, ಇದು ರೋಗನಾ, ಸಗಣಿ ಗೊಬ್ಬರ ಹಾಕಿ ಮುಂಗಾರಿಗೆ ಮೊದ್ಲು ನೆಲಕ್ಕೆ ನೆಡ್ಬಹುದಾ ಅಂತ. ರೋಗ ಅಲ್ಲ, ಏಪ್ರಿಲ್ ಬಿಸಿಲಿನ ಸುಡು. ನೆಲಕ್ಕೆ ಈಗ ಬೇಡ್ವೇ ಬೇಡ. ಗ್ರೂಪಲ್ಲಿ ಇನ್ನೂ ಕೆಲವರು ಈ ಗಿಡ ತರಿಸೋ ಯೋಚನೇಲಿದ್ದಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದ್ಲು ಒಂದು ಪರೀಕ್ಷೆ ಮಾಡಿ. ಒಣಗಿದ ಹಾಗೆ ಕಾಣೋ ಕಡ್ಡಿ ಮೇಲೆ ಉಗುರಲ್ಲಿ ಸಣ್ಣಗೆ ಗೀರಿ. ಸಿಪ್ಪೆ ಕೆಳಗೆ ಹಸಿರಿದ್ರೆ ಜೀವ ಇದೆ, ಕತ್ತರಿಸ್ಬೇಡಿ. ಮಣ್ಣು ಒದ್ದೆ ಇದ್ರೂ ಇಡೀ ಎಲೆ ಜೋತು ಬಿದ್ದಿದ್ರೆ ಬೇರು ಕೊಳೀತಿದೆ ಅಂತ ಅರ್ಥ. ಒಂದೇ ಒಂದು ಕೊಂಬೆ ಬಾಡಿ, ಅದನ್ನ ಅಡ್ಡ ಕತ್ತರಿಸಿದಾಗ ಒಳಗೆ ಕಪ್ಪು-ಹಸಿರು ಗೆರೆ ಅಥವಾ ಚುಕ್ಕೆ ಕಂಡ್ರೆ ಅದು ವರ್ಟಿಸಿಲಿಯಮ್ ಸೊರಗು ಇರ್ಬಹುದು, ಅದಕ್ಕೆ ಔಷಧಿ ಇಲ್ಲ. ನಿಮ್ಮ ಗಿಡದಲ್ಲಿ ಸುಟ್ಟಿರೋದು ಪಡುವಣ ಕಡೆ ಎಲೆಗಳು ಮಾತ್ರ, ಹಾಗಾಗಿ ಹೆದ್ರೋದು ಬೇಡ. ಪಾಟನ್ನ ಮನೆ ಮೂಡಣ ಕಡೆಗೆ ತಗೊಂಡು ಹೋಗಿ. ಬೆಳಗ್ಗೆ ಮೂರು ನಾಲ್ಕು ಗಂಟೆ ಬಿಸಿಲು, ಹನ್ನೊಂದರ ನಂತರ ನೆರಳು, ಗಾಳಿ ನೇರ ಬಡೀಬಾರದು. ಜಾಗ ಇಲ್ಲದಿದ್ರೆ 50% ಶೇಡ್ ನೆಟ್ ಕಟ್ಟಿ.

ನೀರಿನ ವಿಷಯ ಇದಕ್ಕಿಂತ ಮುಖ್ಯ. ಫೋಟೋದಲ್ಲಿ ಪಾಟಿನ ಅಂಚಲ್ಲಿ ಬಿಳೀ ಪೊರೆ ಕಾಣಿಸ್ತಿದೆ, ಅದು ಬೋರ್‌ವೆಲ್ ಗಡಸು ನೀರಿನ ಲವಣ. ಮೇಪಲ್‌ಗೆ ಸ್ವಲ್ಪ ಹುಳಿ ಮಣ್ಣು ಬೇಕು, ಪಿಎಚ್ 5.5ರಿಂದ 6.5. ಲವಣ ಕೂತ ಹಾಗೆಲ್ಲ ಬೇರಿಗೆ ನೀರೆಳೆಯೋಕೆ ಕಷ್ಟ, ಎಲೆ ಅಂಚು ಮೊದ್ಲು ಒಣಗುತ್ತೆ. ಪಾಟು ಹಿಡಿಸೋ ಮಣ್ಣಿನ ಮೂರರಷ್ಟು ಮಳೆ ನೀರನ್ನ ನಿಧಾನಕ್ಕೆ ಹಾಕಿ, ಕೆಳಗಿನ ತೂತಿಂದ ಪೂರ್ತಿ ಹರಿದು ಹೋಗ್ಲಿ. ಆಮೇಲೆ ಆದಷ್ಟೂ ಮಳೆ ನೀರೇ ಕೊಡಿ. ಆರ್‌ಒ ಫಿಲ್ಟರ್‌ನ ವೇಸ್ಟ್ ನೀರು ಮಾತ್ರ ಹಾಕ್ಬೇಡಿ, ಅದ್ರಲ್ಲಿ ಲವಣ ಇನ್ನೂ ಜಾಸ್ತಿ. ದಿನಾ ಲೆಕ್ಕಕ್ಕೆ ನೀರು ಹಾಕೋದೂ ಬೇಡ. ಬೆರಳು ಎರಡು ಗೆಣ್ಣು ಒಳಗೆ ಇಳಿಸಿ ನೋಡಿ, ಒಣಗ್ತಾ ಬಂದಿದ್ರೆ ತುಂಬಾ ಕೊಡಿ. ಮೇಲೆ ಎರಡು ಇಂಚು ದರಗು ಹಾಸಿ, ಆದ್ರೆ ಬುಡಕ್ಕೆ ತಾಗಿಸದೆ ನಾಲ್ಕು ಬೆರಳು ಬಿಡಿ. ತಾಗಿಸಿದ್ರೆ ಬುಡದ ಸಿಪ್ಪೆ ಕೊಳೆಯುತ್ತೆ, ಗೆದ್ದಲೂ ಹತ್ತುತ್ತೆ.

ಈಗ ನೆಲಕ್ಕೆ ಯಾಕೆ ಬೇಡ ಅಂತ. ಕಾಫಿ ಸಸಿ ಮಳೆ ಶುರುವಾದಾಗ ನೆಟ್ಟು ನಮಗೆ ಅಭ್ಯಾಸ, ಆ ಲೆಕ್ಕ ಇಲ್ಲಿಗೆ ಹೊಂದಲ್ಲ. ಮೇಪಲ್ ಬೇರು ಮೇಲ್ಮೇಲೇ ಹರಡೋ ನಾರುಬೇರು. ಎಲೆ ತುಂಬಿರುವಾಗ ಕದಲಿಸಿದ್ರೆ ಅದು ಎಲೆಗಳನ್ನ ಸಾಕಲಾರದು. ಮೇಲಿಂದ ಜುಲೈ ಮಳೆಗೆ ಹೊಸ ಗುಂಡೀಲಿ ನೀರು ನಿಂತ್ರೆ ಬೇರಿಗೆ ಗಾಳಿ ಸಿಗಲ್ಲ, ಫೈಟಾಪ್ತೊರಾ ಅನ್ನೋ ಶಿಲೀಂಧ್ರದಂಥ ರೋಗಾಣು ಬಂದು ಕೊಳೆಸುತ್ತೆ. ಮೂಡಿಗೆರೆ, ಸಕಲೇಶಪುರ ಕಡೆ ಇರೋರು ಇದನ್ನ ಇನ್ನೂ ಗಟ್ಟಿಯಾಗಿ ನೆನಪಿಡಿ. ಮಳೆಗಾಲದಲ್ಲಿ ಪಾಟು ಸೂರಿನ ಕೆಳಗೆ, ಇಟ್ಟಿಗೆ ಮೇಲೆ ಇರ್ಲಿ, ಕೆಳಗಿನ ತಟ್ಟೆ ತೆಗೆದುಬಿಡಿ.

ನೆಡೋದು ಎಲೆ ಉದುರಿ ಬರಿ ಕೊಂಬೆ ಇರೋವಾಗ, ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲ ವಾರ. ಒಂದಡಿ ಎತ್ತರ, ನಾಲ್ಕಡಿ ಅಗಲದ ದಿಬ್ಬ ಮಾಡಿ, ಬೇರುಗಂಟಿನಷ್ಟೇ ಆಳಕ್ಕೆ ತೋಡಿ. ಬುಡ ಅಗಲವಾಗಿ ಬೇರಾಗಿ ತಿರುಗೋ ಜಾಗ ಮಣ್ಣಿನ ಮೇಲೇ ಕಾಣ್ಬೇಕು, ಕಸಿ ಗಂಟಂತೂ ಹೂತು ಹೋಗ್ಬಾರದು. ಗುಂಡಿಗೆ ಗೊಬ್ಬರ ತುಂಬ್ಬೇಡಿ, ಸುತ್ತಲಿನ ಮಣ್ಣು ಬಿಗಿ ಇದ್ರೆ ಆ ಗುಂಡಿ ಬಾನಿ ತರ ನೀರು ಹಿಡಿಯುತ್ತೆ. ನಾನಾದ್ರೆ ಮೊದಲ ಎರಡು ಮೂರು ವರ್ಷ 14-16 ಇಂಚಿನ ಪಾಟಲ್ಲೇ ಇಡ್ತೀನಿ. ಕೆಮ್ಮಣ್ಣು ಎರಡು ಪಾಲು, ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು. ಕಾಫಿ ಹೊಟ್ಟು ಹಾಕೋದಾದ್ರೆ ಪೂರ್ತಿ ಕಳಿತಿರ್ಬೇಕು, ಹಸೀದು ಬಿಸಿಯಾಗಿ ಬೇರು ಸುಡುತ್ತೆ.

ಹಸಿ ಸಗಣೀನೂ ಅದೇ ಕತೆ. ತೋಟಕ್ಕೆ ತಂದ 17:17:17 ರಸಗೊಬ್ಬರ ಮಿಕ್ಕಿದೆ ಅಂತ ಇದಕ್ಕೆ ಹಾಕ್ಬೇಡಿ. ಸಾರಜನಕ ಜಾಸ್ತಿ ಆದ್ರೆ ಉದ್ದುದ್ದ ಎಳೆ ಚಿಗುರು ಬರುತ್ತೆ, ಬಿಸಿಲಿಗೆ ಅದೇ ಮೊದ್ಲು ಸುಡೋದು, ರಸ ಹೀರೋ ಗಿಡದ ಹೇನೂ ಅಲ್ಲೇ ಕೂರುತ್ತೆ. ಚಿಗುರು ಬಿಚ್ಚುವಾಗ ಒಂದು ಹಿಡಿ ಎರೆಗೊಬ್ಬರ, ಮಳೆ ತಗ್ಗಿದ ಮೇಲೆ ಇನ್ನೊಂದು ಹಿಡಿ, ಅಷ್ಟು ಸಾಕು. ಕಸಿ ಗಂಟಿನ ಕೆಳಗಿಂದ ಬರೋ ಚಿಗುರನ್ನ ಎಳೇದಿರುವಾಗಲೇ ಚಿವುಟಿ, ಅದು ಕಸಿ ಕಟ್ಟೋಕೆ ಬೇರಿಗೆ ಬಳಸಿದ ಗಿಡದ್ದು. ಬಿಟ್ರೆ ಒಂದೆರಡು ವರ್ಷದಲ್ಲಿ ಕೆಂಪೆಲೆ ಭಾಗಾನೇ ಅಡಗಿಸಿಬಿಡುತ್ತೆ. ಕೊಂಬೆ ಸವರೋದು ಎಲೆ ಇಲ್ಲದ ಹೊತ್ತಲ್ಲಿ, ಎದುರುಬದುರು ಮೊಗ್ಗಿನ ಜೋಡಿಗೆ ಸ್ವಲ್ಪ ಮೇಲಕ್ಕೆ. ಮೊಗ್ಗು ಉಬ್ಬಿದ ಮೇಲೆ ಕತ್ತರಿಸಿದ್ರೆ ರಸ ಸೋರುತ್ತೆ.

ಚಳಿ ವಿಷಯದಲ್ಲಿ ಆಸೆ ಹುಟ್ಸೋಕೆ ನನಗೆ ಮನಸ್ಸಿಲ್ಲ. ಇದು ಜಪಾನ್, ಕೊರಿಯಾ ಕಡೆ ಮರ, ಅಲ್ಲಿ ವಾರಗಟ್ಟಲೆ ಗಟ್ಟಿ ಚಳೀಲಿ ಮಲಗಿ ಏಳುತ್ತೆ. ಚಿಕ್ಕಮಗಳೂರು ಪೇಟೆ ಸಾವಿರ ಮೀಟರ್ ಎತ್ತರದಲ್ಲಿದ್ರೂ ಆ ಚಳಿ ಸಿಗಲ್ಲ, ಹಾಸನಕ್ಕೂ ಅಷ್ಟೇ. ಅದಕ್ಕೇ ಮೊಗ್ಗು ಒಂದು ಕಡೆ ಬಿಚ್ಚಿ ಇನ್ನೊಂದು ಕಡೆ ತಡ ಆಗುತ್ತೆ. ನವೆಂಬರ್‌ನಿಂದ ನೀರು ಕಮ್ಮಿ ಮಾಡಿ, ಪೂರ್ತಿ ಒಣಗಿಸ್ಬೇಡಿ. ಡಿಸೆಂಬರ್ ಕೊನೆಗೂ ಎಲೆ ಉದುರದೆ ನಿಂತಿದ್ರೆ ತೊಟ್ಟು ಉಳಿಸಿ ಎಲೆ ಮಾತ್ರ ಕತ್ತರೀಲಿ ತೆಗೀರಿ, ತೊಟ್ಟು ತಾನಾಗೇ ಬೀಳುತ್ತೆ. ಗಿಡ ಸೊರಗಿದ್ರೆ ಆ ವರ್ಷ ಇದನ್ನ ಮಾಡ್ಬೇಡಿ. ಫೋಟೋಗಳಲ್ಲಿ ಕಾಣೋ ಬೆಂಕಿ ಬಣ್ಣ ತಣ್ಣನೆ ರಾತ್ರಿ, ಒಳ್ಳೆ ಬಿಸಿಲಿನ ಹಗಲು ಎರಡೂ ಸೇರಿದಾಗ ಬರೋದು. ನಮ್ಮಲ್ಲಿ ಚೆಂದ ಇರೋದು ಹೊಸ ಚಿಗುರಿನ ಕೆಂಪು, ಬೇಸಿಗೆ ಹೊತ್ತಿಗೆ ಅದು ಹಸಿರು ಮಿಶ್ರ ಕಂದಾಗುತ್ತೆ. ಅದಕ್ಕೆ ಗಾಬರಿ ಬೇಡ.

ಹೊಸದಾಗಿ ತರೋರು ಸಣ್ಣಗೆ ಸೀಳಿದ ಜಾಲರಿ ಎಲೆ ಜಾತಿ ಬಿಟ್ಟು, ಹಸಿರೆಲೆ ಸಾದಾ ಗಿಡ ತಗೊಳ್ಳಿ, ಬಿಸಿಲು ತಡೆಯೋ ಶಕ್ತಿ ಅದಕ್ಕೇ ಜಾಸ್ತಿ. ಟ್ರೈಡೆಂಟ್ ಮೇಪಲ್ ಇನ್ನೂ ಗಟ್ಟಿ. ಆನ್‌ಲೈನಲ್ಲಿ ನೀಲಿ ಮೇಪಲ್ ಬೀಜ ಅಂತ ಮಾರೋದು ಮೋಸ, ನೀಲಿ ಎಲೆಯ ಜಪಾನೀಸ್ ಮೇಪಲ್ಲೇ ಇಲ್ಲ. ನಿಜವಾದ ಬೀಜ ಸಿಕ್ರೂ ಒಂದು ದಿನ ನೆನೆಸಿ, ಒದ್ದೆ ಮರಳಲ್ಲಿ ಬೆರೆಸಿ, ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಮೂರು ನಾಲ್ಕು ತಿಂಗಳು ಇಟ್ಟ ಮೇಲೇ ಮೊಳಕೆ.

ಅತ್ತಿಗೆ, ಸಂಜೆ ಪಾಟಿನ ಕೆಳಗಿನ ತೂತು ಕಾಣೋ ಹಾಗೆ ಒಂದು ಫೋಟೋ ಹಾಕಿ. ಬೇರು ಹೊರಗೆ ಬಂದಿದ್ಯಾ, ಬಿಳೀ ಇದ್ಯಾ ಕಪ್ಪಾ ನೋಡಿ ಪಾಟು ಬದಲಿಸೋ ವಿಷಯ ಹೇಳ್ತೀನಿ.