'ಮೆಮೊರಿ' ಅಂದರೆ ಯಾವುದು, 'ಸಿಪಿಯು' ಅಂದರೆ ಯಾವುದು? ಚಿಕ್ಕಮ್ಮನ ಕಂಪ್ಯೂಟರಿಗಾಗಿ ಒಂದು ಪದಚರ್ಚೆ

ಎಲ್ಲರಿಗೂ ನಮಸ್ಕಾರ.

ನಿಮ್ಮ ಊರಿನಲ್ಲಿ ಕಂಪ್ಯೂಟರಿನ 'ಮೆಮೊರಿ' ಅಂದರೆ ಜನ ಯಾವುದು ಅಂತ ತಿಳಿಯುತ್ತಾರೆ? 'ಸಿಪಿಯು' ಅಂದರೆ? ಮುಖ್ಯವಾಗಿ ಈ ಎರಡು ಪದಗಳ ಬಗ್ಗೆ ಕೇಳಬೇಕು. ಜೊತೆಗೆ ಇನ್ನೂ ಮೂರ್ನಾಲ್ಕು ಇವೆ.

ತೀರ್ಥಹಳ್ಳಿ ಹತ್ತಿರ ಇರುವ ನನ್ನ ಚಿಕ್ಕಮ್ಮನಿಗೆ ಒಂದು ಸಾಧಾರಣ ಕಂಪ್ಯೂಟರ್ ಮಾಡಿಸಿಕೊಡುತ್ತಿದ್ದೇನೆ. ಅವರು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಊರಿನ ಹಾಡು, ಕಥೆ ಬರೆದಿಡುತ್ತಾರೆ. ಮಗಳ ಜೊತೆ ವಿಡಿಯೊ ಕರೆ ಮಾಡುತ್ತಾರೆ. ರಾತ್ರಿ ಊಟ ಆದಮೇಲೆ ಯಕ್ಷಗಾನ ನೋಡುತ್ತಾರೆ. ಇಷ್ಟೇ ಕೆಲಸ. ಈಗ ಇರುವುದು ವಿಂಡೋಸ್ 10. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಅದು ಕೇಳುವ ಪ್ರೊಸೆಸರ್, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್, ಹಳೆಯದರಲ್ಲಿ ಇಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಕೊಟೇಷನ್ ಬರೆಸಿಕೊಂಡು ಅವರಿಗೆ ಕಳಿಸಿದೆ. ಫೋನ್ ಬಂತು. "ಅಲ್ಲ ಮಾರಾಯ, ಇದರಲ್ಲಿ ಒಂದೂ ನಂಗೆ ಅರ್ಥ ಆಗಲಿಲ್ಲ. ಒಂದೊಂದರ ಎದುರೂ ಅದು ಏನು ಕೆಲಸ ಮಾಡುತ್ತೆ ಅಂತ ಕನ್ನಡದಲ್ಲಿ ಬರೆದು ಕಳಿಸು. ದುಡ್ಡು ಯಾವುದಕ್ಕೆ ಹೋಗ್ತಿದೆ ಅಂತ ಗೊತ್ತಾಗಬೇಕು ಅಲ್ವಾ?"

ಹಾಗೆ ಕೇಳಲು ಅವರಿಗೆ ಕಾರಣ ಇದೆ. ಹಳೇ ಕಂಪ್ಯೂಟರ್ ಕೊಳ್ಳುವಾಗ ನಾನೇ ಅಂಗಡಿಗೆ ಹೋಗಿದ್ದೆ. "ಮೆಮೊರಿ ಸ್ವಲ್ಪ ಜಾಸ್ತಿ ಇರಲಿ" ಅಂತ ಹೇಳಿ ಮುಂಗಡ ಕೊಟ್ಟು ಬಂದೆ. ಅಂಗಡಿಯವರು ಬರೆದದ್ದನ್ನೆಲ್ಲ ಉಳಿಸಿಡುವ 500 ಜಿಬಿ ಹಾರ್ಡ್‌ಡಿಸ್ಕ್ ತೆಗೆದು ಅದರ ಎರಡರಷ್ಟು ದೊಡ್ಡದಾದ 1 ಟಿಬಿ ಹಾಕಿದರು. ಕೆಲಸ ಮಾಡುವಾಗ ಬೇಕಾದದ್ದನ್ನು ಆ ಹೊತ್ತಿಗೆ ಇಟ್ಟುಕೊಳ್ಳುವ ರ‍್ಯಾಮ್ ಮಾತ್ರ 4 ಜಿಬಿಯೇ ಉಳಿಯಿತು. ಇಷ್ಟು ವರ್ಷದಲ್ಲಿ ಆ ಡಿಸ್ಕಿನ ಹತ್ತರಲ್ಲಿ ಒಂದು ಪಾಲೂ ತುಂಬಲಿಲ್ಲ. ಆದರೆ ನುಡಿ ಮತ್ತು ಬ್ರೌಸರ್ ಎರಡನ್ನೂ ಒಟ್ಟಿಗೆ ತೆರೆದರೆ ಅಕ್ಷರ ಮೂಡುವುದಕ್ಕೆ ಕಾಯುತ್ತಾ ಕೂರಬೇಕು. ಅಂಗಡಿಯವರು ಮೋಸ ಮಾಡಲಿಲ್ಲ. ನಾನು ಹೇಳಿದ ಪದಕ್ಕೆ ಅವರ ಹತ್ತಿರ ಒಂದು ಅರ್ಥ ಇತ್ತು, ನನ್ನ ಹತ್ತಿರ ಇನ್ನೊಂದು.

ಆ ಅರ್ಥ ಎಲ್ಲಿಂದ ಬಂತು ಅಂತ ಯೋಚಿಸಿದರೆ ನನಗೆ ಮೊಬೈಲ್ ಅಂಗಡಿಗಳು ನೆನಪಾಗುತ್ತವೆ. ಸ್ಮಾರ್ಟ್‌ಫೋನಿಗೆ ಮುಂಚೆ "ಮೆಮೊರಿಗೆ ಹಾಡು ಹಾಕಿಸ್ಕೊಂಡು ಬಾ" ಅನ್ನುತ್ತಿದ್ದರು. ಮೆಮೊರಿ ಕಾರ್ಡಿನಲ್ಲಿ 'ಕಾರ್ಡ್' ಉದುರಿ ಬರೀ 'ಮೆಮೊರಿ' ಉಳಿಯಿತು. ಈಗಲೂ "ಮೆಮೊರಿ ಫುಲ್ ಆಗಿದೆ, ಫೋಟೋ ಅಳಿಸು" ಅನ್ನುತ್ತಾರೆ. ಅಂದರೆ ಕನ್ನಡದ ಬಾಯಲ್ಲಿ ಮೆಮೊರಿ ಅನ್ನುವುದು ಸಾಮಾನು ಇಡುವ ಜಾಗ. ಕಂಪ್ಯೂಟರ್ ವ್ಯಾಪಾರದ ಪಟ್ಟಿಯಲ್ಲಿ ಮೆಮೊರಿ ಅಂದರೆ ರ‍್ಯಾಮ್. ಎರಡೂ ಒಂದಕ್ಕೊಂದು ಪೂರ್ತಿ ಉಲ್ಟಾ. ಒಂದು ಕರೆಂಟು ಹೋದರೂ ಇಟ್ಟದ್ದನ್ನು ಕಾಪಾಡುತ್ತದೆ, ಇನ್ನೊಂದು ಕರೆಂಟು ಹೋದ ಕೂಡಲೇ ಖಾಲಿಯಾಗುತ್ತದೆ. ಎರಡಕ್ಕೂ ಜಿಬಿ ಲೆಕ್ಕವೇ ಇರುವುದರಿಂದ ಗೊಂದಲ ಇನ್ನೂ ಜಾಸ್ತಿ. 512 ಅಂತ ಕಂಡರೆ 16ಕ್ಕಿಂತ ದೊಡ್ಡದು, ಹಾಗಾಗಿ ಒಳ್ಳೆಯದು ಅಂತ ಯಾರಿಗಾದರೂ ಅನ್ನಿಸುತ್ತದೆ.

ಕನ್ನಡ ಪದ ಹಾಕಿದರೆ ಸರಿಹೋಗುತ್ತಾ ಅಂತ ನೋಡಿದೆ. ಸ್ಮೃತಿ, ಸ್ಮರಣೆ, ಜ್ಞಾಪಕ, ನೆನಪು, ಯಾವುದನ್ನು ಹಾಕಿದರೂ ಅದೇ ತೊಡಕು. ಇವೆಲ್ಲ ಇಂಗ್ಲಿಷ್ ಪದದ ಅನುವಾದ, ಆ ಬಿಡಿಭಾಗದ ಕೆಲಸದಿಂದ ಹುಟ್ಟಿದವಲ್ಲ. ರ‍್ಯಾಮ್‌ನ ಮೊದಲ ಅಕ್ಷರವನ್ನು ('ರ‍್ಯಾಂಡಮ್') ಬಿಡಿಸಿ 'ಯಾದೃಚ್ಛಿಕ' ಅಂತ ಗಣಿತದ ಪದ ಹಾಕಿದರೆ ಕೊಳ್ಳುವವರಿಗೆ ಏನೂ ಸಿಗುವುದಿಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಹಳೇ ಕಂಪ್ಯೂಟರನ್ನು ಜಗಲಿಯಲ್ಲಿ ಇಟ್ಟು ಬಿಚ್ಚಿದೆ. ರ‍್ಯಾಮ್ ಪಟ್ಟಿಯನ್ನು ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಗೇಣಿಗಿಂತ ಚಿಕ್ಕದು, ಕೆಳ ಅಂಚಿನಲ್ಲಿ ಸಾಲಾಗಿ ಚಿನ್ನದ ಬಣ್ಣದ ಗೆರೆಗಳು, ನಡುವೆ ಸ್ವಲ್ಪ ಬದಿಗೆ ಒಂದು ಕಚ್ಚು. ಇನ್ನೊಂದು ಕೈಗೆ ಹಾರ್ಡ್‌ಡಿಸ್ಕ್ ಕೊಟ್ಟೆ. ಇದರಲ್ಲಿ ನೀವು ಬರೆದದ್ದೆಲ್ಲ ಇರುತ್ತೆ, ಬರೆಯುವಾಗ ಬೇಕಾದಷ್ಟನ್ನು ಮಾತ್ರ ಇಲ್ಲಿಂದ ಅಲ್ಲಿಗೆ ತಂದುಕೊಳ್ಳುತ್ತೆ ಅಂತ ಹೇಳಿದೆ. ಅವರು ಎರಡನ್ನೂ ತೂಗಿ ನೋಡಿ, "ಹಾಗಾದ್ರೆ ಇದು ಉಗ್ರಾಣ" ಅಂತ ಡಿಸ್ಕನ್ನು ಕೆಳಗಿಟ್ಟರು.

ಉಗ್ರಾಣ! ನನಗೆ ಹೊಳೆದೇ ಇರಲಿಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಅಕ್ಕಿ, ಬೆಲ್ಲ, ಕಾಯಿ ಎಲ್ಲ ಉಗ್ರಾಣದಲ್ಲಿ. ಅಡುಗೆಯವರು ಆ ಹೊತ್ತಿಗೆ ಬೇಕಾದಷ್ಟನ್ನು ತಂದು ಒಲೆಯ ಪಕ್ಕ ಇಟ್ಟುಕೊಳ್ಳುತ್ತಾರೆ. ಪಕ್ಕದ ಜಾಗ ಇಕ್ಕಟ್ಟಾದರೆ ಉಗ್ರಾಣ ಎಷ್ಟು ದೊಡ್ಡದಿದ್ದರೂ ಅಡುಗೆ ನಿಧಾನ, ಪ್ರತಿ ಸಲ ಎದ್ದು ಹೋಗಬೇಕು. ನನ್ನ 1 ಟಿಬಿ ತಪ್ಪನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವುದು ಕಷ್ಟ. ಇನ್ನೊಂದು ಅನುಕೂಲವೂ ಇದೆ. ಹಾರ್ಡ್‌ಡಿಸ್ಕಿನ ಬದಲು ಈಗ ಹಾಕುವ ಎಸ್‌ಎಸ್‌ಡಿಗೂ ಅಂಗಡಿಗಳಲ್ಲಿ 'ಹಾರ್ಡ್‌ಡಿಸ್ಕ್' ಅಂತಲೇ ಅನ್ನುತ್ತಾರೆ. ಅದರೊಳಗೆ ತಿರುಗುವ ತಟ್ಟೆಯೇ ಇಲ್ಲ. ಈಗ ಹೆಚ್ಚಾಗಿ ಹಾಕುವುದು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಹಾಳೆಯಂಥ ಪಟ್ಟಿ ಅಷ್ಟೇ. ಉಗ್ರಾಣ ಅಂದರೆ ಹಳೆಯದಕ್ಕೂ ಹೊಸದಕ್ಕೂ ಸಲ್ಲುತ್ತದೆ.

ಹಾಗಾದರೆ ಒಲೆಯ ಪಕ್ಕದ ಜಾಗಕ್ಕೆ, ಅಂದರೆ ರ‍್ಯಾಮಿಗೆ ಏನನ್ನೋಣ? ನನಗೆ ತೋಚಿದ್ದು 'ಕೈನೆನಪು'. ಕನ್ನಡದಲ್ಲಿ ಕೈಗಡ, ಕೈಸಾಲ, ಕೈಖರ್ಚು ಅನ್ನುತ್ತೇವೆ. ಇಲ್ಲೆಲ್ಲ 'ಕೈ' ಅನ್ನುವುದು ಸದ್ಯಕ್ಕೆ, ಈ ಹೊತ್ತಿಗೆ, ಹತ್ತಿರದಲ್ಲೇ ಅನ್ನುವ ಅರ್ಥ ಕೊಡುತ್ತದೆ. ಕೈಗಡ ತಂದದ್ದು ನಮ್ಮದಾಗಿ ಉಳಿಯುವುದಿಲ್ಲ, ಬೇಗ ವಾಪಸ್ ಹೋಗುತ್ತದೆ. ರ‍್ಯಾಮ್ ಮಾಡುವುದೂ ಅದೇ. 'ನೆನಪು' ಇರುವುದರಿಂದ ಮೆಮೊರಿ ಅಂತ ಕೇಳಿ ಗೊತ್ತಿರುವವರಿಗೂ ಎಳೆ ಸಿಗುತ್ತದೆ. ಚಿಕ್ಕಮ್ಮನಿಗೆ ಹೇಳಿದಾಗ ಅವರು ಒಂದು ಆಕ್ಷೇಪ ಎತ್ತಿದರು. ಕೈಬರಹ, ಕೈಮಗ್ಗ ಅನ್ನುವಲ್ಲಿ 'ಕೈ' ಅಂದರೆ ಕೈಯಿಂದ ಮಾಡಿದ್ದು, ಹಾಗಾಗಿ ಕೆಲವರು ಬೇರೆ ರೀತಿ ತಿಳಿಯಬಹುದು ಅಂತ. ಆಕ್ಷೇಪ ಸರಿಯಾಗಿದೆ. ಆದರೂ ಕೈಗಡದ ಜಾಡು ಬಲವಾಗಿದೆ ಅಂತ ನನ್ನ ನಂಬಿಕೆ. ನೀವೇನನ್ನುತ್ತೀರಿ?

ಈ ಪದ ಈಗ ಇನ್ನೂ ಮುಖ್ಯ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿದೆ, ಎಐ ಡೇಟಾ ಸೆಂಟರುಗಳು ಆ ಚಿಪ್‌ಗಳನ್ನು ಎಳೆದುಕೊಳ್ಳುತ್ತಿವೆ. ಪಟ್ಟಿಯಲ್ಲಿ ಅದಕ್ಕೆ ಯಾಕಿಷ್ಟು ದುಡ್ಡು ಅಂತ ಕೇಳುವವರಿಗೆ ಉತ್ತರ ಪದದಲ್ಲೇ ಅರ್ಧ ಸಿಗಬೇಕು.

ಇನ್ನು ಸಿಪಿಯು. ವ್ಯಾಪಾರದ ಪಟ್ಟಿಯಲ್ಲಿ ಅದು ಪ್ರೊಸೆಸರ್. ನಮ್ಮ ಕಡೆ ಮೇಜಿನ ಕೆಳಗಿನ ಇಡೀ ಡಬ್ಬಕ್ಕೆ ಸಿಪಿಯು ಅನ್ನುತ್ತಾರೆ. ಶಾಲೆಯ ಚಿತ್ರಪಟದಲ್ಲಿ ಮಾನಿಟರ್, ಕೀಬೋರ್ಡ್, ಮೌಸ್, ಸಿಪಿಯು ಅಂತ ನಾಲ್ಕು ಬಾಣ ಹಾಕಿದ್ದು ನಿಮಗೂ ನೆನಪಿರಬಹುದು. ಹೋದ ಮಳೆಗಾಲದಲ್ಲಿ ಗುಡುಗು ಸಿಡಿಲಿನ ಮಾರನೇ ದಿನ ಚಿಕ್ಕಮ್ಮನ ಕಂಪ್ಯೂಟರ್ ಆನ್ ಆಗಲಿಲ್ಲ. ರಿಪೇರಿಯವರು ಬಂದು ನೋಡಿ "ಸಿಪಿಯು ಹೋಗಿದೆ, ಕಳಿಸಿ ನೋಡೋಣ" ಅಂದರು. ಡಬ್ಬದೊಳಗೆ ಏನೋ ಹೋಗಿದೆ ಅಂತ ಅವರ ಅರ್ಥ. ಡಬ್ಬವೇ ಹಾಳಾಯಿತು ಅಂತ ಚಿಕ್ಕಮ್ಮ ತಿಳಿದರು. ಫೋನಿನಲ್ಲಿ ಕೇಳಿದ ನಾನು ಪ್ರೊಸೆಸರ್ ಸುಟ್ಟಿದೆ ಅಂದುಕೊಂಡು "ಬಿಡಿ, ಅದಕ್ಕೆ ದುಡ್ಡು ಹಾಕಬೇಡಿ" ಅಂದೆ. ಮೂರು ತಿಂಗಳು ಅದು ಮೂಲೆಯಲ್ಲಿ ಗೋಣಿಚೀಲದ ಕೆಳಗಿತ್ತು. ಆಮೇಲೆ ನಾನು ಹೋಗಿ ನೋಡಿದರೆ ಕೆಟ್ಟಿದ್ದು ಒಳಗಿನ ಭಾಗಗಳಿಗೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ ಮಾತ್ರ. ಬದಲಾಯಿಸಿದ ಕೂಡಲೇ ಫ್ಯಾನ್ ತಿರುಗಿತು. ಆ ಮೂರು ತಿಂಗಳು ಅವರು ಒಂದು ಸಾಲೂ ಬರೆಯಲಿಲ್ಲ. ಅದು ನನಗೆ ಇನ್ನೂ ಬೇಸರದ ಸಂಗತಿ.

ಡಬ್ಬಕ್ಕೆ 'ಪೆಟ್ಟಿಗೆ' ಅಂದರೆ ಸಾಕು ಅಂತ ನನ್ನ ಅಭಿಪ್ರಾಯ. ವ್ಯಾಪಾರದಲ್ಲಿ 'ಕ್ಯಾಬಿನೆಟ್' ಅನ್ನುತ್ತಾರೆ. ಪತ್ರಿಕೆಯಲ್ಲಿ ಕ್ಯಾಬಿನೆಟ್ ಅಂದರೆ ಸಚಿವ ಸಂಪುಟ. ಆ 'ಸಂಪುಟ'ಕ್ಕೂ ಮುಚ್ಚಳದ ಪೆಟ್ಟಿಗೆ, ಕರಡಿಗೆ ಅನ್ನುವ ಹಳೇ ಅರ್ಥ ಇದೆ ಅನ್ನುವುದು ಸಂತೋಷದ ವಿಷಯ. ಆದರೆ ಅಂಗಡಿಯಲ್ಲಿ ಸಂಪುಟ ಕೊಡಿ ಅಂತ ಕೇಳಬೇಕಾಗಿಲ್ಲ.

ಪ್ರೊಸೆಸರ್ ವಿಷಯದಲ್ಲಿ ನನ್ನ ಊಹೆ ತಪ್ಪಾಯಿತು. 'ಸಂಸ್ಕರಣೆ' ಅನ್ನುವ ಪಠ್ಯಪುಸ್ತಕದ ಪದ ಚಿಕ್ಕಮ್ಮನಿಗೆ ಭಾರ ಅನ್ನಿಸುತ್ತೆ ಅಂದುಕೊಂಡಿದ್ದೆ. ಅವರು ತಡವರಿಸಲೇ ಇಲ್ಲ. "ಅಡಿಕೆ ಸಂಸ್ಕರಣೆ ಇದ್ದ ಹಾಗೆ. ಹಸಿ ಅಡಿಕೆ ಒಳಗೆ ಹೋಗಿ ಕೆಂಪಡಿಕೆ ಹೊರಗೆ ಬರತ್ತೆ" ಅಂದರು. ಸುಲಿದು, ಬೇಯಿಸಿ, ಒಣಗಿಸುವ ಕೆಲಸ ಮಲೆನಾಡಿನ ಪ್ರತಿ ಅಂಗಳದಲ್ಲೂ ನಡೆಯುತ್ತದೆ. ಅಲ್ಲಿ ಅದು ಅಂಗಳದ ಪದ. ಬಯಲುಸೀಮೆಯಲ್ಲಿ, ಕಲಬುರಗಿ ಕಡೆ ಈ ಪದ ಕೇಳಿದರೆ ಮೊದಲು ಏನು ಕಣ್ಣಿಗೆ ಬರುತ್ತದೆ? ದಯವಿಟ್ಟು ತಿಳಿಸಿ.

ಪ್ರೊಸೆಸರ್ ಹೆಸರಿನ ಬಾಲದಲ್ಲಿ ಬರುವ ಒಂದು ಅಕ್ಷರವನ್ನೂ ಇಲ್ಲಿ ಹೇಳಬೇಕು. ಇಂಟೆಲ್ ಐ3-12100 ಅನ್ನುವುದರಲ್ಲಿ ಪರದೆಗೆ ಚಿತ್ರ ಕಳಿಸುವ ಭಾಗ ಒಳಗೇ ಇದೆ. 12100ಎಫ್ ಅಂದರೆ ಅದಿಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆ ಕಪ್ಪಗೇ ಇರುತ್ತದೆ. ಎಫ್ ಇರುವುದು ಸಾಮಾನ್ಯವಾಗಿ ಸ್ವಲ್ಪ ಅಗ್ಗ, ಹಾಗಾಗಿ ಕೈ ಅದರ ಕಡೆಗೇ ಹೋಗುತ್ತದೆ. ಚಿಕ್ಕಮ್ಮನ ಪಟ್ಟಿಯಲ್ಲಿ ನಾನು 'ಬಾಲವಿಲ್ಲದ್ದು' ಅಂತ ಬರೆದೆ.

ಭಾಗಗಳನ್ನೆಲ್ಲ ಜೋಡಿಸುವ ಮದರ್‌ಬೋರ್ಡಿಗೆ 'ತಾಯಿಹಲಗೆ' ಅನ್ನುವುದು ಪದಕ್ಕೆ ಪದ ಇಟ್ಟ ಅನುವಾದ. ಕೀಬೋರ್ಡಿಗೆ 'ಕೀಲಿಮಣೆ' ಚೆನ್ನಾಗಿ ನಿಂತಿದೆ, ಯಾಕೆಂದರೆ ಮಣೆ ಅನ್ನುವುದು ಮನೆಯ ಪದ. ಈಳಿಗೆಮಣೆ, ಚೆನ್ನೆಮಣೆ, ಹಸೆಮಣೆ. ಹಳೇ ಬೋರ್ಡಿನ ಗೂಡುಗಳನ್ನು ನೋಡಿದ ಚಿಕ್ಕಮ್ಮ "ಚೆನ್ನೆಮಣೆ ಥರ ಇದೆಯಲ್ಲ" ಅಂದರು. ಗುಳಿಗಳಲ್ಲಿ ಕಾಯಿ ಕೂರುವ ಹಾಗೆ ಇಲ್ಲಿ ಭಾಗಗಳು ಕೂರುತ್ತವೆ. 'ತಾಯಿಮಣೆ' ಅನ್ನಬಹುದೇ? 'ಕೂರು' ಅನ್ನುವ ಕ್ರಿಯಾಪದವೂ ಅಂಗಡಿಯಲ್ಲಿ ಆಗಲೇ ಇದೆ. "ರ‍್ಯಾಮ್ ಸರಿಯಾಗಿ ಕೂತಿಲ್ಲ" ಅನ್ನುತ್ತಾರೆ. ಎರಡೂ ತುದಿ ಒತ್ತಿದಾಗ ಟಕ್ ಅಂತ ಸದ್ದು ಬಂದು ಪಕ್ಕದ ಕೊಂಡಿ ಮೇಲೆದ್ದರೆ ಕೂತಿತು ಅಂತ ಅರ್ಥ. ರ‍್ಯಾಮಿನ ಹಳೇ, ಹೊಸ ತಲೆಮಾರುಗಳಾದ ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್ ಇದ್ದರೂ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒಂದರ ಗೂಡಿನಲ್ಲಿ ಇನ್ನೊಂದು ಕೂರುವುದಿಲ್ಲ. 'ಅಳವಡಿಸು' ಅನ್ನುವುದಕ್ಕಿಂತ 'ಕೂರಿಸು' ಇಲ್ಲಿ ಎಷ್ಟೋ ನಿಖರ.

ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್, ಮೌಸ್ ಇವನ್ನು ಹಾಗೇ ಬಿಟ್ಟಿದ್ದೇನೆ. ಹೆಸರು ಹೇಳಿದರೆ ಎಲ್ಲರೂ ಒಂದೇ ವಸ್ತುವನ್ನು ತೋರಿಸುತ್ತಾರೆ. ಯಾರ ದುಡ್ಡೂ ಹಾಳಾಗುವುದಿಲ್ಲ.

ಕೊನೆಗೆ ಚಿಕ್ಕಮ್ಮನಿಗೆ ಕಳಿಸಿದ ಪಟ್ಟಿ ಹೀಗಿದೆ. ಸಂಸ್ಕಾರಕ (ಪ್ರೊಸೆಸರ್), ಐ3-12100, ಬಾಲವಿಲ್ಲದ್ದು. ಅದಕ್ಕೆ ಹೊಂದುವ, ಡಿಡಿಆರ್4 ಕೂರುವ ತಾಯಿಮಣೆ. ಕೈನೆನಪು 8 ಜಿಬಿಯ ಎರಡು ಪಟ್ಟಿ. ಉಗ್ರಾಣ 512 ಜಿಬಿ. 450 ವ್ಯಾಟ್ ಎಸ್‌ಎಂಪಿಎಸ್, ಗಾಳಿಯಾಡುವ ಪೆಟ್ಟಿಗೆ, ಕರೆಂಟು ಹೋದರೆ ಬರೆದದ್ದನ್ನು ಉಳಿಸಿಕೊಂಡು ಆಫ್ ಮಾಡುವಷ್ಟು ಹೊತ್ತು ನಿಲ್ಲುವ ಯುಪಿಎಸ್. ಅವರು ಓದಿ ಒಂದೇ ಪ್ರಶ್ನೆ ಕೇಳಿದರು. "ಉಗ್ರಾಣ ಇಷ್ಟು ದೊಡ್ಡದು ಬೇಕಾ? ಅದರ ದುಡ್ಡನ್ನು ಯುಪಿಎಸ್‌ಗೆ ಹಾಕು, ಇಲ್ಲಿ ಮಳೆಗಾಲ ನಿಂಗೆ ಗೊತ್ತಲ್ಲ." ಈಗ ಉಗ್ರಾಣ 256ಕ್ಕೆ ಇಳಿದಿದೆ.

ಮುಂದಿನ ವಾರ ಸಾಮಾನು ತರಬೇಕು. ಅಷ್ಟರಲ್ಲಿ ನಿಮ್ಮ ಕಡೆಯ ಬಳಕೆ ತಿಳಿದರೆ ಪಟ್ಟಿಯನ್ನು ಇನ್ನೊಮ್ಮೆ ತಿದ್ದುತ್ತೇನೆ. ಮುಖ್ಯವಾಗಿ ಕೈನೆನಪು ಬಗ್ಗೆ ಹೇಳಿ. ಧಾರವಾಡ, ಮಂಗಳೂರು, ಬೀದರ್ ಕಡೆಯವರಿಗೆ ಕೈಗಡ ಅನ್ನುವ ಪದ ದಿನಬಳಕೆಯಲ್ಲಿ ಇದೆಯೇ, ಅಥವಾ ಅದಕ್ಕೆ ಬೇರೆ ಮಾತಿದೆಯೇ?